ಹೊರೆ ಕುಟುಂಬದ್ದು, ಹೆಗಲು ಒಬ್ಬರದು

(ಮಾನಸಿಕ ಕಾಯಿಲೆಯವರ ಮನೆಮಂದಿಗಾಗಿ ಉಡುಪಿಯಲ್ಲಿ ಏರ್ಪಾಡಾಗಿದ್ದ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಲಿಖಿತ ರೂಪ.)



ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಬರೆದುಕೊಳ್ಳುವುದಷ್ಟೇ ನನಗೆ ಅಭ್ಯಾಸ. ಎದುರು ನಿಂತು ಮಾತಾಡುವುದು ಹೊಸತು. ಆದರೂ ಸಂಘಟಕರು ಕೇಳಿದಾಗ ಒಪ್ಪಿಕೊಂಡೆ. ಇಲ್ಲಿ ಸೇರಿರುವ ನಿಮ್ಮಲ್ಲಿ ಹೆಚ್ಚಿನವರ ಮನೆಯ ಸಂಗತಿ ನನ್ನ ಮನೆಯದೂ ಹೌದು.

ಕಾಪುವಿನ ಎಷ್ಟೋ ಹುಡುಗರಂತೆ ನನ್ನ ಅಣ್ಣನೂ ಮುಂಬೈಗೆ ಹೋದವನು. ಅಲ್ಲಿ ಹೋಟೆಲೊಂದರಲ್ಲಿ ಕ್ಯಾಶ್ ನೋಡಿಕೊಳ್ಳುತ್ತಿದ್ದ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಗೋಡೆಯಾಚೆ ಯಾರೋ ತನ್ನ ವಿಷಯವನ್ನೇ ಮಾತಾಡುತ್ತಿದ್ದಾರೆ ಎಂದು ಹೇಳತೊಡಗಿದ. ನಿದ್ದೆ ಬಿಟ್ಟ, ಊಟ ಬಿಟ್ಟ. ಜತೆಯವರು ಊರಿನ ಬಸ್ಸಿಗೆ ಹತ್ತಿಸಿ ಕಳುಹಿಸಿದರು. ಅದಾಗಿ ಎಂಟು ವರ್ಷ ಯಾರು ಕೇಳಿದರೂ ನಾನು ಹೇಳುತ್ತಿದ್ದುದು ಒಂದೇ ಮಾತು: "ಅಣ್ಣ ಮುಂಬೈಯಲ್ಲಿದ್ದಾನೆ." ಅವನು ನಮ್ಮ ಮನೆಯ ಒಳಕೋಣೆಯಲ್ಲಿದ್ದ.

ಆದರೆ ನನ್ನ ಮನೆಯ ಕಥೆ ಹೇಳುವುದೇ ಇಂದಿನ ಉದ್ದೇಶವಲ್ಲ. ಕಾಯಿಲೆಯ ಒಬ್ಬ ಅಣ್ಣನನ್ನೋ ತಂಗಿಯನ್ನೋ ನೋಡಿಕೊಳ್ಳುವುದು ನಮ್ಮ ಜಿಲ್ಲೆಯಲ್ಲಿ ಯಾವಾಗಿನಿಂದ ಮನೆಯ ಒಬ್ಬರೇ ಒಬ್ಬರ ಕೆಲಸವಾಯಿತು ಎಂದು ವಿಚಾರಿಸಬೇಕೆಂದಿದ್ದೇನೆ.

ಕಾಯಿಲೆ ಬರುವ ವಯಸ್ಸು

ಸ್ಕಿಜೋಫ್ರೀನಿಯಾ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿನೈದರಿಂದ ಮೂವತ್ತರೊಳಗೆ. ಇಲ್ಲದ ದನಿಗಳು ಕೇಳಿಸುವುದು, ಬಲವಾದ ಸಂಶಯ, ಮಾತಿನ ಎಳೆ ತಪ್ಪುವುದು, ಕ್ರಮೇಣ ಯಾವುದರಲ್ಲೂ ಆಸಕ್ತಿ ಇಲ್ಲದಾಗುವುದು ಇದರ ಲಕ್ಷಣಗಳು. ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಜೀವಮಾನದಲ್ಲಿ ಯಾವಾಗಲಾದರೂ ಇದು ಬರಬಹುದೆಂದು ವೈದ್ಯರು ಹೇಳುತ್ತಾರೆ. 1950ರ ದಶಕದಿಂದ ಇದಕ್ಕೆ ಪರಿಣಾಮಕಾರಿ ಔಷಧಗಳಿವೆ. ಆದರೆ ಅವನ್ನು ಹಲವು ವರ್ಷ, ಕೆಲವರು ಜೀವನಪೂರ್ತಿ, ತೆಗೆದುಕೊಳ್ಳಬೇಕಾಗುತ್ತದೆ.

ಈ ವಯಸ್ಸಿನ ಲೆಕ್ಕದಲ್ಲೇ ಒಡಹುಟ್ಟಿದವರ ಸಂಕಟವಿದೆ. ಒಬ್ಬನಿಗೆ ಕಾಯಿಲೆ ಬರುವ ಹೊತ್ತಿಗೆ ಉಳಿದವರು ಕಾಲೇಜಿನಲ್ಲಿರುತ್ತಾರೆ, ಕೆಲಸ ಹುಡುಕುತ್ತಿರುತ್ತಾರೆ, ಅಥವಾ ಅವರಿಗೆ ಸಂಬಂಧ ನೋಡುತ್ತಿರುತ್ತಾರೆ. ಜಾತಕಕ್ಕಿಂತ ಮೊದಲು 'ಆ ಮನೆಯಲ್ಲಿ ಒಬ್ಬನಿಗೆ ಮರ್ಲ್ ಅಂತೆ' ಎಂಬ ಸುದ್ದಿ ಹೋಗಿರುತ್ತದೆ. ಇನ್ನೊಂದು ಹೆದರಿಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ನನಗೂ ಬಂದರೆ? ಅಣ್ಣತಮ್ಮ ಅಕ್ಕತಂಗಿಯರಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೆ ಬರುವ ಸಂಭವ ನೂರಕ್ಕೆ ಸುಮಾರು ಒಂಬತ್ತು. ಎಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಬರುವುದಿಲ್ಲ. ಈ ಎರಡನೆಯ ಅಂಕಿಯನ್ನು ನನಗೆ ಯಾರಾದರೂ ಎಂಟು ವರ್ಷ ಹಿಂದೆಯೇ ಹೇಳಬೇಕಿತ್ತು.

ಕೂಡುಮನೆಯ ದಿನಗಳು

ತುಳುನಾಡಿನ ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ನಡೆದುಬಂದ ಅಳಿಯಸಂತಾನ ಕಟ್ಟಿನಲ್ಲಿ ಅಣ್ಣತಂಗಿಯ ಸಂಬಂಧವೇ ಮನೆಯ ನಡುಗಂಬ. ಹುಟ್ಟಿದ ಮಗು, ಗಂಡಾಗಲಿ ಹೆಣ್ಣಾಗಲಿ, ತಾಯಿಯ ಕುಟುಂಬಕ್ಕೆ ಸೇರಿದ್ದು. ಹೆಂಡತಿ ಬೇರೆ ಕುಟುಂಬದವಳು. ಹಾಗಾಗಿ ಕಾಯಿಲೆಯಾದ ಗಂಡಸಿಗೆ ತನ್ನ ಮನೆ ಎಂದರೆ ತಾಯಿಯ ಮನೆ, ಅಕ್ಕತಂಗಿಯರ ಮನೆ. ಆಸ್ತಿ ಇಡೀ ಕುಟುಂಬದ್ದು. ಎಲ್ಲರೂ ಒಪ್ಪದೆ ಅದನ್ನು ಪಾಲು ಮಾಡುವಂತಿರಲಿಲ್ಲ. ಕುಟುಂಬದ ಆದಾಯದಿಂದ ಜೀವನಾಂಶ ಪಡೆಯುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇತ್ತು.

ಮಕ್ಕಳ ಕಟ್ಟಿನವರ ಧರ್ಮಶಾಸ್ತ್ರ ಬೇರೆಯೇ ದಾರಿ ಹಿಡಿದಿತ್ತು. ಚಾಲುಕ್ಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ ತನ್ನ ಮಿತಾಕ್ಷರದಲ್ಲಿ ಹುಚ್ಚು ಹಿಡಿದವನಿಗೆ ಆಸ್ತಿಯ ಪಾಲು ಇಲ್ಲವೆಂದ, ಆದರೆ ಅನ್ನ ಬಟ್ಟೆ ಕೊಟ್ಟು ಸಾಕಬೇಕೆಂದ. ಈ ಪಾಲಿನ ಅಡ್ಡಿಯನ್ನು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು ತೆಗೆದುಹಾಕಿತು. ಕಾಯಿಲೆಯ ಕಾರಣಕ್ಕೆ ಯಾರ ಪಾಲನ್ನೂ ಈಗ ತಪ್ಪಿಸುವಂತಿಲ್ಲ. ಪಾಲುಪಟ್ಟಿ ಬರೆಯುವಾಗ ಇದನ್ನು ಮರೆಯುವವರು ಇಂದಿಗೂ ಇದ್ದಾರೆ.

ನಮ್ಮ ಅಜ್ಜಿಯ ಮನೆಯಲ್ಲಿ ಹಿಂದೆ ಅಂಥ ಒಬ್ಬ ಅಜ್ಜ ಇದ್ದರಂತೆ. ನೀರು ಸೇದುತ್ತಿದ್ದರು, ದನ ಕಟ್ಟುತ್ತಿದ್ದರು, ಚಾವಡಿಯಲ್ಲಿ ಮಲಗುತ್ತಿದ್ದರು. ಒಬ್ಬಳು ಗಂಜಿ ಬಡಿಸಿದರೆ ಇನ್ನೊಬ್ಬಳು ಬಟ್ಟೆ ಒಗೆಯುವಳು, ರಾತ್ರಿ ಎದ್ದು ಹೊರಟರೆ ಯಾರಾದರೊಬ್ಬ ಅಳಿಯ ಹಿಂದೆ ಹೋಗುವನು. 'ಅವರನ್ನು ನೋಡಿಕೊಳ್ಳುತ್ತಿದ್ದುದು ಯಾರು?' ಎಂದು ಕೇಳಿದರೆ ಅಜ್ಜಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹಾಗೆಂದು ಆ ಕಾಲವನ್ನು ಹೊಗಳುವುದೂ ಬೇಡ. ಜೋರಾದಾಗ ಅವರನ್ನು ಕಂಬಕ್ಕೆ ಕಟ್ಟುತ್ತಿದ್ದರು ಎಂಬುದನ್ನೂ ಅಜ್ಜಿಯೇ ಹೇಳಿದ್ದು. ಔಷಧ ಇರಲಿಲ್ಲ, ಹೆಗಲುಗಳಿದ್ದವು.

1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲು ಕೇಳುವ ಹಕ್ಕು ಕೊಟ್ಟಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿಗೆ ಕೊಟ್ಟ ಭೂಮಿ ಉಳುವವನದಾಯಿತು. ಯುವಕರು ಮುಂಬೈಗೆ, ಕೊಲ್ಲಿ ದೇಶಗಳಿಗೆ ಹೋದರು. ಇವೆಲ್ಲ ಎಷ್ಟೋ ಮಂದಿಗೆ ಬಿಡುಗಡೆ ತಂದ ಬದಲಾವಣೆಗಳು, ಸಂಶಯವಿಲ್ಲ. ಆದರೆ ಕೂಡುಮನೆ ಒಡೆದಾಗ ಗದ್ದೆ, ತೋಟ, ಪಾತ್ರೆಗಳು ಪಾಲಾದವು. ಕಾಯಿಲೆಯವನ ಆರೈಕೆ ಮಾತ್ರ ಪಾಲಾಗಲಿಲ್ಲ. ಊರಿನಲ್ಲಿ ಉಳಿದ ಒಬ್ಬರ ಮೇಲೆ ಅದು ಇಡಿಯಾಗಿ ಬಂತು.

ಸಿರಿಯ ಜತೆ ಬರುವವರು

ಕಾರ್ಕಳ ತಾಲೂಕಿನ ನಂದಳಿಕೆಯ ಸಿರಿಜಾತ್ರೆಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಹುಣ್ಣಿಮೆಯ ರಾತ್ರಿ ನೂರಾರು ಹೆಂಗಸರು ಹಿಂಗಾರ ಹಿಡಿದು ಆವೇಶಗೊಳ್ಳುತ್ತಾರೆ. ಸಿರಿಯ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಅಕ್ಕತಂಗಿಯರಿದ್ದಾರೆ. ಚೆನ್ನೆಮಣೆ ಆಡುವಾಗ ಹುಟ್ಟಿದ ಜಗಳದಲ್ಲಿ ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದಲೇ ಹೊಡೆದು ಕೊಲ್ಲುತ್ತಾಳೆ, ಆಮೇಲೆ ತಾನೂ ಬಾವಿಗೆ ಹಾರುತ್ತಾಳೆ. ಒಡಹುಟ್ಟಿದವರ ನಡುವೆ ಪ್ರೀತಿಯಷ್ಟೇ ಸಿಟ್ಟೂ ಇರುತ್ತದೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಸಿರಿ ಬರುವುದನ್ನು ರೋಗ ಎನ್ನುವುದು ತಪ್ಪು. ಅದು ಆರಾಧನೆ. ಆದರೆ ಒಂದು ಅಂಶ ಗಮನಾರ್ಹ. ಮೈಮೇಲೆ ಬಂದದ್ದು ಏನೆಂದು ತಿಳಿಯದೆ ನರಳುತ್ತಿರುವ ಹೆಣ್ಣನ್ನು ಅಲ್ಲಿಗೆ ಕರೆತಂದಾಗ ಮನೆಯವರೂ ಜತೆಯಲ್ಲಿ ನಿಲ್ಲುತ್ತಾರೆ. ಕುಮಾರನ ಪಾತ್ರಿ ಆಕೆಯನ್ನು ಮಾತಾಡಿಸುವುದು ಅವರ ಎದುರಿನಲ್ಲೇ. 1970ರ ದಶಕದಿಂದ ಇದರ ಬಗ್ಗೆ ಬರೆದ ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಈ ಆಚರಣೆಯನ್ನು ಕುಟುಂಬದ ಬಿಕ್ಕಟ್ಟುಗಳ ಜತೆಗಿಟ್ಟೇ ನೋಡಿದರು. ಆ ಕಳದಲ್ಲಿ ಸಂಕಟ ಒಬ್ಬಳದಲ್ಲ, ಮನೆಯದು.

ಆಸ್ಪತ್ರೆಯೂ ಮನೆಯವರನ್ನು ಕರೆದಾಗ

ಆಧುನಿಕ ವೈದ್ಯ ಇದೇ ಮಾತಿಗೆ ಬಂದದ್ದು ಬೇರೆ ದಾರಿಯಿಂದ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜತೆ ಮನೆಯವರನ್ನೂ ಉಳಿಸಿಕೊಂಡರು. ವೆಲ್ಲೂರಿನಲ್ಲಿ, ಬಳಿಕ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ವಾರ್ಡುಗಳಾದವು. ನಮ್ಮ ಜಿಲ್ಲೆಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ 1961ರಿಂದ ಇದೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಿದೆ. ವೈದ್ಯರು ದೂರವಿಲ್ಲ ಎಂಬ ಮಟ್ಟಿಗೆ ನಾವು ಭಾಗ್ಯವಂತರು.

ಇನ್ನೊಂದು ಸಂಶೋಧನೆ ನೋಡಿಕೊಳ್ಳುವವರ ಕುರಿತಾದದ್ದು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಗುಣವಾಗಿ ಮನೆಗೆ ಮರಳಿದ ರೋಗಿಗಳನ್ನು ಗಮನಿಸುತ್ತ ಬಂದರು. ಸದಾ ಬೈಗುಳ, ಹಗೆ, ಅತಿಯಾದ ಆತಂಕ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ತಿಳಿದುಬಂತು. ಮನೆಯವರೇ ರೋಗ ತಂದರೆಂದು ಇದರ ಅರ್ಥವಲ್ಲ. ಮೂರು ರಾತ್ರಿ ನಿದ್ದೆಗೆಟ್ಟವಳು ನಾಲ್ಕನೆಯ ದಿನ ಬೈಯದೆ ಇರುವುದು ಕಷ್ಟ. ಹಾಗಾಗಿ ನೋಡಿಕೊಳ್ಳುವವರ ವಿಶ್ರಾಂತಿಯೂ ಚಿಕಿತ್ಸೆಯ ಒಂದು ಭಾಗ.

ದಣಿವು ಮಿತಿಮೀರಿದರೆ ಏನಾಗುತ್ತದೆ? ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಖಾಸಗಿ ಆಶ್ರಯಮನೆಯೊಂದಕ್ಕೆ ಬೆಂಕಿ ಬಿದ್ದು ಸಂಕೋಲೆಯಲ್ಲಿದ್ದ 28 ರೋಗಿಗಳು ಸತ್ತರು. ಅವರಿಗೂ ಎಲ್ಲೋ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದಿರಬೇಕು.

ಕಾನೂನಿನ ಏಕವಚನ

2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಸಂಕೋಲೆಯನ್ನು ಪೂರ್ತಿ ನಿಷೇಧಿಸಿದೆ. ಕಾಯಿಲೆಯವರು ತಮ್ಮ ಪರವಾಗಿ ನಿಲ್ಲುವ ಒಬ್ಬ ಪ್ರತಿನಿಧಿಯನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ಗೊತ್ತುಮಾಡಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂಬ ಪ್ರಮಾಣಪತ್ರ ಮಾಡಿಸಿದರೆ ಸೌಲಭ್ಯಗಳಿಗೆ ದಾರಿಯಾಗುತ್ತದೆ. ರಾಜ್ಯ ಸರಕಾರದ 'ಮನೋಚೈತನ್ಯ' ಕಾರ್ಯಕ್ರಮ ರೂಪುಗೊಂಡದ್ದು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರಲಿ ಎಂದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ರೋಗಿಯಷ್ಟೇ ಅಲ್ಲ, ನೋಡಿಕೊಳ್ಳುವವರೂ ಕರೆ ಮಾಡಬಹುದು.

ಇಷ್ಟಾದರೂ ಈ ಕಾಗದಗಳೆಲ್ಲ ಕೇಳುವುದು ಒಬ್ಬರ ಹೆಸರು, ಒಬ್ಬರ ಸಹಿ. ಅದು ಕಾನೂನಿನ ಅಗತ್ಯ. ಆದರೆ ಸಹಿ ಒಬ್ಬರದಾದರೆ ಕೆಲಸವೂ ಒಬ್ಬರದೇ ಆಗಬೇಕೆಂದಿಲ್ಲ. ಅದನ್ನು ಹಂಚುವ ಕಾನೂನು ಇಲ್ಲ. ನಾವೇ ಹಂಚಬೇಕು.

ನಮ್ಮ ಮನೆಯ ಪುಸ್ತಕ

ಕಾಪುವಿನಿಂದ ಮಣಿಪಾಲಕ್ಕೆ ಹೋಗಲು ನಾವು ಉಡುಪಿಯಲ್ಲಿ ಬಸ್ಸು ಬದಲಿಸಬೇಕು. ಎಂಟು ವರ್ಷ ಅಣ್ಣನ ಜತೆ ಹಾಗೆ ಹೋದದ್ದು ಅಮ್ಮ, ಅವರಿಗೆ ಮಂಡಿನೋವು ಬಂದ ಮೇಲೆ ನಾನು. ಕಾರ್ಕಳಕ್ಕೆ ಮದುವೆಯಾಗಿ ಹೋದ ಅಕ್ಕ ಗಂಡನ ಮನೆಯಲ್ಲಿ ವಿಷಯ ಹೇಳಿರಲಿಲ್ಲ. "ನನ್ನ ನಂತರ ಯಾರು?" ಎಂದು ಅಮ್ಮ ರಾತ್ರಿ ಕೇಳುತ್ತಿದ್ದುದು ನನ್ನೊಬ್ಬಳನ್ನೇ.

ಕಳೆದ ವರ್ಷ ಅಕ್ಕ ಧೈರ್ಯ ಮಾಡಿ ಹೇಳಿದಳು. ಅವಳ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಹೇಳಬಾರದಿತ್ತಾ? ಅವನಿಗೆ ಮೀನು ಸೇರ್ತದಾ?" ಎಂದರಂತೆ. ಎಲ್ಲವೂ ಹೀಗೆ ಸುಸೂತ್ರವಾಗಲಿಲ್ಲ. ನಾನು ಹೇಳಿದ ಮೇಲೆ ನನಗೆ ಬಂದಿದ್ದ ಒಂದು ಸಂಬಂಧ ತಪ್ಪಿತು. ಬೇಸರವಾಗಲಿಲ್ಲ ಎಂದರೆ ಸುಳ್ಳು.

ಈಗ ಅಡುಗೆಮನೆಯ ಮೊಳೆಗೆ ಒಂದು ಪುಸ್ತಕ ತೂಗುಹಾಕಿದ್ದೇವೆ. ಮಾತ್ರೆ ಕೊಡುವವರು, ಆಸ್ಪತ್ರೆಗೆ ಹೋಗುವವರು, ಹಣ ಹಾಕುವವರು, ರಾತ್ರಿ ಎಚ್ಚರಿರುವವರು ಎಂದು ನಾಲ್ಕು ಸಾಲು. ದುಬೈಯಲ್ಲಿರುವ ದೊಡ್ಡಮ್ಮನ ಮಗನ ಹೆಸರು ಹಣದ ಸಾಲಿನಲ್ಲಿದೆ. ಎರಡು ತಿಂಗಳಿಗೊಮ್ಮೆ ಒಂದು ವಾರ ಅಣ್ಣ ಕಾರ್ಕಳದಲ್ಲಿರುತ್ತಾನೆ. ಆ ವಾರ ಅಮ್ಮ ಮಲಗುತ್ತಾರೆ. ಕೊನೆಯ ಸಾಲಿನ ಕೆಳಗೆ ಅಣ್ಣ ತಾನೇ ತನ್ನ ಹೆಸರು ಬರೆದುಕೊಂಡಿದ್ದಾನೆ: ಬೆಳಗಿನ ಮಾತ್ರೆ ತನ್ನ ಜವಾಬ್ದಾರಿ ಎಂದು.

ನಿಮ್ಮ ಮನೆಗೆ ಹೋಗಿ ಮೊದಲು ಆ ಪುಸ್ತಕ ಮಾಡಿ. ನನ್ನ ಅಣ್ಣ ಮುಂಬೈಯಲ್ಲಿಲ್ಲ, ಕಾಪುವಿನಲ್ಲಿದ್ದಾನೆ. ಇಷ್ಟು ಹೇಳುವುದಕ್ಕೇ ನಾನು ಇವತ್ತು ಮುಂದಿನ ಸಾಲಿಗೆ ಬಂದೆ.