ಕೊನೆಯ ದಿನಗಳಲ್ಲಿರುವ ತಂದೆಗೆ ಮಕ್ಕಳು ಸಲ್ಲಿಸಬೇಕಾದುದು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆಯೂ ಅವರ ಕುಟುಂಬ ಹಾಗೂ ಸಂಗಾತಿಗಳ ಮೇಲೆಯೂ ಅವನ ಕರುಣೆ ಮತ್ತು ಶಾಂತಿ ಇರಲಿ.



ಕೆಲವು ವಾರಗಳಿಂದ ನಿಮ್ಮಲ್ಲಿ ಹಲವರು ಮಸೀದಿಯ ಮೆಟ್ಟಿಲ ಬಳಿ ನಮ್ಮನ್ನು ನಿಲ್ಲಿಸಿ, "ಉಸ್ತಾದ್, ಉಪ್ಪ ಹೇಗಿದ್ದಾರೆ?" ಎಂದು ಕೇಳುತ್ತಿದ್ದೀರಿ. ನಮ್ಮ ತಂದೆಯವರು ಹಾಸಿಗೆ ಹಿಡಿದು ಮೂರು ತಿಂಗಳಾಯಿತು. ಇನ್ನು ಆಸ್ಪತ್ರೆಯಲ್ಲಿಟ್ಟು ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ವೈದ್ಯರು ಹೇಳಿದ್ದಾರೆ. ಮಿಂಬರ್‌ನಲ್ಲಿ ನಿಂತು ಸ್ವಂತ ಮನೆಯ ವಿಷಯ ಹೇಳುವ ವಾಡಿಕೆ ನಮಗಿಲ್ಲ. ಆದರೆ ಇಲ್ಲಿ ಕುಳಿತಿರುವ ಎಷ್ಟೋ ಮಂದಿಯ ಮನೆಯಲ್ಲಿ ಇಂಥದೇ ಒಂದು ಹಾಸಿಗೆ ಇದೆ, ಅಥವಾ ನಾಳೆ ಇರಲಿದೆ. ಆದ್ದರಿಂದ ಇಂದು ಆ ಹಾಸಿಗೆಯ ಬಳಿ ಮಕ್ಕಳ ಕರ್ತವ್ಯವೇನು ಎಂಬುದನ್ನು ನೋಡೋಣ.

ಪವಿತ್ರ ಕುರ್‌ಆನ್‌ನ 17ನೆಯ ಅಧ್ಯಾಯದಲ್ಲಿ ಅಲ್ಲಾಹನು ತನ್ನ ಆರಾಧನೆಯ ಆದೇಶದ ಬೆನ್ನಿಗೇ ತಂದೆತಾಯಿಯರೊಂದಿಗೆ ಒಳಿತಿನಿಂದ ವರ್ತಿಸಬೇಕೆಂಬ ಆದೇಶವನ್ನಿಟ್ಟಿದ್ದಾನೆ. ಅಲ್ಲಿ ಅವರ ಮುಪ್ಪನ್ನು ವಿಶೇಷವಾಗಿ ಹೆಸರಿಸಲಾಗಿದೆ. ಬೇಸರದ ಒಂದು ಉಸಿರು ಕೂಡ ಅವರ ಮುಂದೆ ಹೊರಡಬಾರದು ಎಂದು ಕಲಿಸಲಾಗಿದೆ. ಏಕೆ ಮುಪ್ಪನ್ನೇ ಹೆಸರಿಸಲಾಯಿತು? ತಂದೆ ದುಡಿಯುವಾಗ ಮಕ್ಕಳು ಅವರಿಗೆ ಗೌರವ ಕೊಡುವುದು ಸುಲಭ. ಹಾಸಿಗೆ ಒದ್ದೆಯಾದಾಗ, ಕೇಳಿದ್ದನ್ನೇ ಹತ್ತು ಸಲ ಕೇಳಿದಾಗ, ರಾತ್ರಿ ಎರಡು ಗಂಟೆಗೆ ಕರೆದಾಗ ಆ ಗೌರವ ಉಳಿದಿದೆಯೇ ಎಂಬುದೇ ಪರೀಕ್ಷೆ. ನಿಜ ಹೇಳುತ್ತೇವೆ, ಈ ಮೂರು ತಿಂಗಳಲ್ಲಿ ಆ ಉಸಿರು ನಮ್ಮ ಬಾಯಿಂದ ಹೊರಟಿಲ್ಲ ಎಂದು ಹೇಳುವ ಧೈರ್ಯ ನಮಗಿಲ್ಲ.

ಸಹೋದರರೇ, ಮರಣಶಯ್ಯೆಯಲ್ಲಿರುವ ತಂದೆ ಮತ್ತು ಬೆಳೆದ ಮಗಳು ಎಂದಾಗ ಮೊದಲು ನೆನಪಾಗುವುದು ಪ್ರವಾದಿವರ್ಯರು(ಸ) ಮತ್ತು ಅವರ ಮಗಳು ಫಾತಿಮಾ(ರ). ಹಿಜರಿ 11ನೆಯ ವರ್ಷ, ಮದೀನಾ. ಅದಕ್ಕೆ ಮೊದಲು ಫಾತಿಮಾ(ರ) ಬಂದಾಗಲೆಲ್ಲ ಪ್ರವಾದಿ(ಸ) ಎದ್ದು ನಿಂತು, ಮುತ್ತಿಟ್ಟು, ತಾವು ಕುಳಿತಿದ್ದ ಜಾಗದಲ್ಲಿ ಅವರನ್ನು ಕುಳ್ಳಿರಿಸುತ್ತಿದ್ದರು. ತಂದೆ ಮಗಳ ಮನೆಗೆ ಹೋದಾಗ ಮಗಳೂ ಹಾಗೆಯೇ ಮಾಡುತ್ತಿದ್ದರು. ಕೊನೆಯ ಕಾಯಿಲೆಯಲ್ಲಿ ತಂದೆಗೆ ಎದ್ದು ನಿಲ್ಲಲಾಗಲಿಲ್ಲ. ಮಗಳು ಒಳಗೆ ಬಂದು ತಾನೇ ಬಾಗಿ ತಂದೆಗೆ ಮುತ್ತಿಟ್ಟರು. ತಂದೆ ಕಿವಿಯಲ್ಲಿ ಏನೋ ಹೇಳಿದರು, ಮಗಳು ಅತ್ತರು. ಮತ್ತೊಮ್ಮೆ ಏನೋ ಹೇಳಿದರು, ಮಗಳು ನಕ್ಕರು. ಆ ಗುಟ್ಟನ್ನು ಫಾತಿಮಾ(ರ) ತಂದೆ ಬದುಕಿರುವವರೆಗೆ ಯಾರಿಗೂ ಬಿಟ್ಟುಕೊಡಲಿಲ್ಲ. ಈ ಕಾಯಿಲೆಯಲ್ಲೇ ತಾನು ತೀರಿಹೋಗುವೆನೆಂದು ತಂದೆ ತಿಳಿಸಿದಾಗ ಅತ್ತೆ, ಮನೆಯವರಲ್ಲಿ ಮೊದಲು ಬಂದು ಸೇರುವವಳು ನೀನೇ ಎಂದಾಗ ನಕ್ಕೆ ಎಂದು ಅವರು ನಂತರ ವಿವರಿಸಿದರು. ಆರು ತಿಂಗಳ ಬಳಿಕ ಅವರೂ ಇಹಲೋಕ ತ್ಯಜಿಸಿದರು.

ವೇದನೆ ಹೆಚ್ಚಾದಾಗ ಫಾತಿಮಾ(ರ) ತಂದೆಯ ಸಂಕಟವನ್ನು ನೋಡಲಾರದೆ ಮರುಗಿದರು. ಇಂದಿನ ನಂತರ ನಿನ್ನ ತಂದೆಗೆ ಯಾವ ಸಂಕಟವೂ ಇಲ್ಲವೆಂದು ಪ್ರವಾದಿ(ಸ) ಅವರನ್ನು ಸಮಾಧಾನಪಡಿಸಿದರು. ದಫನ್ ಮುಗಿಸಿ ಬಂದ ಅನಸ್(ರ)ರೊಡನೆ, ಪ್ರವಾದಿಯ ಮೇಲೆ ಮಣ್ಣು ಹಾಕಲು ನಿಮ್ಮ ಮನಸ್ಸು ಹೇಗೆ ಒಪ್ಪಿತು ಎಂದು ಫಾತಿಮಾ(ರ) ಕೇಳಿದರು ಎಂದು ಬುಖಾರಿಯಲ್ಲಿದೆ. ಇದರಿಂದ ನಾವು ತಿಳಿಯಬೇಕಾದುದೇನು? ಕಣ್ಣೀರು ಈಮಾನಿನ ಕೊರತೆಯಲ್ಲ. ಪ್ರವಾದಿ(ಸ) ತಮ್ಮ ಕೂಸು ಇಬ್ರಾಹೀಮ್ ತೀರಿಕೊಂಡಾಗ ಸ್ವತಃ ಅತ್ತಿದ್ದಾರೆ. ಎದೆ ಬಡಿದುಕೊಳ್ಳುವುದು, ಬಟ್ಟೆ ಹರಿದುಕೊಳ್ಳುವುದು, ಅಲ್ಲಾಹನ ತೀರ್ಮಾನಕ್ಕೆ ಎದುರು ಮಾತಾಡುವುದು ನಿಷಿದ್ಧ. ಗಂಡಸರು ಅಳಬಾರದೆಂಬ ಮಾತು ನಮ್ಮ ಊರಿನದು, ದೀನಿನದಲ್ಲ.

ಎರಡನೆಯ ಹಾಸಿಗೆ ಅಬೂಬಕರ್ ಸಿದ್ದೀಕ್(ರ)ರದ್ದು, ಹಿಜರಿ 13. ಬಳಿಯಲ್ಲಿ ಮಗಳು ಆಯಿಶಾ(ರ). ಪ್ರವಾದಿಯವರಿಗೆ ಎಷ್ಟು ಬಟ್ಟೆಯ ಕಫನ್ ಹಾಕಿದ್ದಿರಿ ಎಂದು ತಂದೆ ಕೇಳಿದರು. ಮೂರು ಬಿಳಿ ಬಟ್ಟೆ ಎಂದರು ಮಗಳು. ಅವರು ತೀರಿಕೊಂಡದ್ದು ಯಾವ ದಿನ? ಸೋಮವಾರ. ಇವತ್ತು ಯಾವ ದಿನ? ಸೋಮವಾರ. ತಾನೂ ರಾತ್ರಿಯೊಳಗೆ ಹೋಗಬಹುದೆಂಬ ಆಸೆಯನ್ನು ತಂದೆ ಹೇಳಿಕೊಂಡರು. ನಂತರ ಮೈಮೇಲಿದ್ದ, ಕೇಸರಿಯ ಕಲೆಯಿದ್ದ ಬಟ್ಟೆಯನ್ನು ನೋಡಿ, ಇದನ್ನೇ ತೊಳೆದು, ಇನ್ನೆರಡು ಸೇರಿಸಿ ಕಫನ್ ಮಾಡಿ ಎಂದರು. ಇದು ಹಳೆಯದಲ್ಲವೇ ಎಂದು ಮಗಳು ಕೇಳಿದಾಗ, ಹೊಸ ಬಟ್ಟೆ ಸತ್ತವರಿಗಿಂತ ಬದುಕಿರುವವರಿಗೆ ಹೆಚ್ಚು ಬೇಕು ಎಂಬ ಅರ್ಥದ ಉತ್ತರ ಕೊಟ್ಟರು. ಆ ರಾತ್ರಿ ಅವರು ತೀರಿಕೊಂಡರು.

ಇದೇ ಕಾಯಿಲೆಯ ಇನ್ನೊಂದು ಘಟನೆಯನ್ನು ಇಮಾಮ್ ಮಾಲಿಕ್(ರ)ರ ಮುವತ್ತಾದಲ್ಲಿ ಓದುತ್ತೇವೆ. ಅಬೂಬಕರ್(ರ) ಹಿಂದೊಮ್ಮೆ ಆಯಿಶಾ(ರ)ರಿಗೆ 20 ವಸ್ಕ್ ಖರ್ಜೂರದ ಫಸಲನ್ನು ಉಡುಗೊರೆಯಾಗಿ ಹೇಳಿದ್ದರು. ಮಗಳು ಅದನ್ನು ಕೊಯ್ದು ವಶಕ್ಕೆ ತೆಗೆದುಕೊಂಡಿರಲಿಲ್ಲ. ನೀನು ಸುಖವಾಗಿರುವುದಕ್ಕಿಂತ ನನಗೆ ಇಷ್ಟವಾದುದು ಬೇರೆ ಇಲ್ಲ, ಆದರೆ ವಶಕ್ಕೆ ತೆಗೆದುಕೊಳ್ಳದ ಕಾರಣ ಅದು ಇಂದು ವಾರೀಸುದಾರರೆಲ್ಲರ ಸೊತ್ತು, ನಿನ್ನ ಇಬ್ಬರು ಸಹೋದರರು ಮತ್ತು ಇಬ್ಬರು ಸಹೋದರಿಯರಿಗೂ ಅದರಲ್ಲಿ ಪಾಲಿದೆ ಎಂದು ತಂದೆ ತಿಳಿಸಿದರು. ಇದಕ್ಕಿಂತ ಎಷ್ಟೋ ಹೆಚ್ಚಿದ್ದರೂ ಬಿಟ್ಟುಕೊಡುತ್ತಿದ್ದೆ ಎಂದರು ಆಯಿಶಾ(ರ). ಆದರೆ ಸಹೋದರಿ ಅಸ್ಮಾ ಒಬ್ಬಳೇ ತಾನೇ, ಇನ್ನೊಬ್ಬಳು ಯಾರು ಎಂದು ಕೇಳಿದರು. ಇನ್ನೂ ಹುಟ್ಟದೆ ತಾಯಿಯ ಹೊಟ್ಟೆಯಲ್ಲಿರುವ ಮಗು, ಅದು ಹೆಣ್ಣೆಂದು ತನಗನಿಸುತ್ತದೆ ಎಂದರು ತಂದೆ. ಹಾಗೆಯೇ ಹೆಣ್ಣುಮಗು ಹುಟ್ಟಿತು, ಉಮ್ಮು ಕುಲ್ಸೂಮ್.

ಗಮನಿಸಿ. ಹುಟ್ಟದ ಹೆಣ್ಣುಮಗುವಿನ ಪಾಲನ್ನು ಸಾಯುತ್ತಿರುವ ತಂದೆ ಲೆಕ್ಕ ಇಡುತ್ತಾರೆ, ಅತ್ಯಂತ ಪ್ರೀತಿಯ ಮಗಳು ಒಂದು ಮಾತೂ ಎದುರಾಡದೆ ಒಪ್ಪುತ್ತಾರೆ. ನಮ್ಮ ಮನೆಗಳಲ್ಲಿ? ಮದುವೆಗೆ ಚಿನ್ನ ಹಾಕಿ ಕಳುಹಿಸಿದ್ದೇವೆ, ಇನ್ನೇನು ಪಾಲು ಎಂದು ಸಹೋದರಿಯರ ಬಾಯಿ ಮುಚ್ಚಿಸುತ್ತೇವೆ. ತಂದೆಯ ಪ್ರಜ್ಞೆ ಮಂಜಾದ ಹೊತ್ತಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಕತೆಗಳೂ ನಮ್ಮ ಕಿವಿಗೆ ಬಿದ್ದಿವೆ. ಕುರ್‌ಆನ್ ನಿಗದಿಪಡಿಸಿದ ಪಾಲಿದು. ವಸಿಯ್ಯತ್ ಮಾಡುವುದಿದ್ದರೂ ಮೂರನೆಯ ಒಂದು ಭಾಗವನ್ನು ಮೀರಬಾರದೆಂದು ಸಅದ್ ಬಿನ್ ಅಬೀ ವಖ್ಖಾಸ್(ರ)ರಿಗೆ ಪ್ರವಾದಿ(ಸ) ಕಲಿಸಿದರು. ಆ ಮೂರನೆಯ ಒಂದು ಕೂಡ ಹೆಚ್ಚೇ ಎಂದರು.

ಮೂರನೆಯದು ಝುಬೈರ್(ರ) ಮತ್ತು ಮಗ ಅಬ್ದುಲ್ಲಾಹ್(ರ). ಹಿಜರಿ 36. ಆ ದಿನ ತಾನು ಬದುಕಿ ಬರಲಾರೆನೆಂದು ತಂದೆಗೆ ಅನಿಸಿತ್ತು. ಮಗನನ್ನು ಕರೆದು, ತನಗಿರುವ ದೊಡ್ಡ ಚಿಂತೆ ಸಾಲದ್ದು ಎಂದರು. ನಿನಗೆ ತೀರಿಸಲಾಗದಿದ್ದರೆ ನನ್ನ ಒಡೆಯನ ನೆರವು ಕೇಳು ಎಂದರು. ಯಾರು ನಿಮ್ಮ ಒಡೆಯ ಎಂದು ಮಗ ಕೇಳಿದಾಗ, ಅಲ್ಲಾಹ್ ಎಂದರು. ಸಾಲ 22 ಲಕ್ಷದಷ್ಟಿತ್ತು. ಅದು ಐಷಾರಾಮಕ್ಕೆ ಮಾಡಿದ ಸಾಲವಲ್ಲ. ಜನರು ಹಣವನ್ನು ಅಮಾನತ್ತಾಗಿ ಇಡಲು ಬಂದಾಗ, ಕಳೆದುಹೋದರೆ ಅವರಿಗೆ ನಷ್ಟವಾದೀತೆಂದು ಅದನ್ನು ಸಾಲವೆಂದೇ ಪಡೆಯುತ್ತಿದ್ದರು. ಸಾಲ ತೀರಿಸುವ ದಾರಿ ಕಾಣದಾದಾಗಲೆಲ್ಲ ಮಗ, ಝುಬೈರರ ಒಡೆಯನೇ, ಅವರ ಸಾಲ ತೀರಿಸು ಎಂದು ಬೇಡುತ್ತಿದ್ದರು. ತಂದೆಯ ಜಮೀನು ಮಾರಿ ತಿಳಿದ ಸಾಲವೆಲ್ಲ ತೀರಿತು. ಸಹೋದರರು ಪಾಲು ಕೇಳಿದರು. ಅಬ್ದುಲ್ಲಾಹ್(ರ) ಒಪ್ಪಲಿಲ್ಲ. ಝುಬೈರರಿಂದ ಯಾರಿಗಾದರೂ ಬಾಕಿ ಬರಬೇಕಿದ್ದರೆ ಬನ್ನಿ ಎಂದು ನಾಲ್ಕು ವರ್ಷ ಹಜ್ಜ್‌ನಲ್ಲಿ ಸಾರಿದರು. ನಾಲ್ಕು ವರ್ಷದ ಬಳಿಕವೇ ಆಸ್ತಿ ಪಾಲಾಯಿತು.

ತಂದೆಯ ಬಗ್ಗೆ ಸಭೆಯಲ್ಲಿ ಹೊಗಳಿ ಮಾತನಾಡುವುದೂ ಗೌರವವೇ. ಆದರೆ ಅಬ್ದುಲ್ಲಾಹ್(ರ) ಸಲ್ಲಿಸಿದ ಗೌರವ ಇದು.

ಈಗ ನಮ್ಮ ಮನೆಯ ಮಾತು. ನಮ್ಮ ಉಪ್ಪ ಸೈಕಲ್‌ನಲ್ಲಿ ಮೀನು ಮಾರುತ್ತಿದ್ದವರು. ಸುಬ್ಹಿಗೆ ಮೊದಲೇ ಎದ್ದು ದಕ್ಕೆಗೆ ಹೋಗಿ, ಬುಟ್ಟಿ ತುಂಬಿಸಿ, ಮಧ್ಯಾಹ್ನದವರೆಗೆ ಹಾರ್ನ್ ಒತ್ತುತ್ತಾ ಊರೂರು ತಿರುಗುತ್ತಿದ್ದರು. ಉಮ್ಮ ಬೀಡಿ ಕಟ್ಟುತ್ತಿದ್ದರು. ಆ ಮೀನು ಮತ್ತು ಬೀಡಿಯಿಂದ ನಾವು ಐವರು ಮಕ್ಕಳು ಓದಿದೆವು. ನಾವು ಮದ್ರಸ ದಾಟಿ ದೂರದ ಊರಿಗೆ ಓದಲು ಹೋಗಿದ್ದಾಗ ಉಪ್ಪ ಒಮ್ಮೆ ನೋಡಲು ಬಂದರು. ಸೈಕಲ್‌ನಲ್ಲೇ, ಮೀನಿನ ವಾಸನೆಯ ಅಂಗಿಯಲ್ಲೇ. ನಾವು ಅವರನ್ನು ಗೇಟಿನಿಂದ ಆಚೆ, ಮರದ ಬಳಿ ಕರೆದುಕೊಂಡು ಹೋಗಿ ಮಾತನಾಡಿಸಿ ಕಳುಹಿಸಿದೆವು. ಗೆಳೆಯರು ನೋಡಬಾರದೆಂದು. ಅವರಿಗೆ ಅದು ತಿಳಿಯಿತೋ ಇಲ್ಲವೋ, ಆಮೇಲೆ ಎಂದೂ ಅವರು ಅಲ್ಲಿಗೆ ಬರಲಿಲ್ಲ.

ಮೂವತ್ತು ವರ್ಷ ಆ ವಿಷಯ ಎತ್ತಲು ನಮಗೆ ಬಾಯಿ ಬರಲಿಲ್ಲ. ಕಳೆದ ತಿಂಗಳು ಒಂದು ರಾತ್ರಿ ಅವರ ಕಾಲು ಒತ್ತುತ್ತಾ ಹೇಳಿ ಕ್ಷಮೆ ಕೇಳಿದೆವು. ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ದಿನ ನಿನಗೆ ಕೊಡಲು ತಂದ ಹಣದಲ್ಲಿ ಹತ್ತು ರೂಪಾಯಿ ಕಡಿಮೆ ಇತ್ತು, ನನಗೆ ಅದೇ ನಾಚಿಕೆ" ಎಂದರು. ಸಹೋದರರೇ, ನಮ್ಮ ನಾಚಿಕೆ ಎಂಥದು, ಅವರ ನಾಚಿಕೆ ಎಂಥದು!

ಉಪ್ಪ ಈಗ ಪದೇಪದೇ ಕೇಳುವುದು ಎರಡು ವಿಷಯ. ಒಂದು, ನಮಾಝ್. ಮೂತ್ರದ ಕೊಳವೆ ಇರುವಾಗ ನಮಾಝ್ ಆಗುತ್ತದೆಯೇ ಎಂದು. ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ಪ್ರವಾದಿ(ಸ) ಇಮ್ರಾನ್ ಬಿನ್ ಹುಸೈನ್(ರ)ರಿಗೆ ಕಲಿಸಿದ್ದಾರೆ. ನೀರು ಬಳಸಲಾಗದವನಿಗೆ ತಯಮ್ಮುಮ್ ಇದೆ. ಸಾಧ್ಯವಾದಷ್ಟು ಶುದ್ಧಿಯೊಂದಿಗೆ ಇದ್ದ ಸ್ಥಿತಿಯಲ್ಲೇ ನಮಾಝ್ ಮಾಡಬೇಕು. ಎಷ್ಟೋ ಮನೆಗಳಲ್ಲಿ ರೋಗಿಗೆ ಔಷಧಿಯ ಹೊತ್ತು ನೆನಪಿಸುತ್ತೇವೆ, ನಮಾಝಿನ ಹೊತ್ತು ನೆನಪಿಸುವುದಿಲ್ಲ. ಇದೂ ಮಕ್ಕಳ ಹೊಣೆ.

ಇನ್ನೊಂದು, ಸಾಲ. ಬಹಳ ಹಿಂದೆ ಒಂದು ಮಳೆಗಾಲದಲ್ಲಿ ದಕ್ಕೆಯ ಒಬ್ಬರು ಸಾಲಕ್ಕೆ ಕೊಟ್ಟ ಮೀನಿನ ಬಾಬ್ತು 340 ರೂಪಾಯಿ ಬಾಕಿಯಿದೆಯೆಂದು ಉಪ್ಪ ನೆನಪಿಟ್ಟುಕೊಂಡಿದ್ದಾರೆ. ಅವರು ಮುಸ್ಲಿಮರಲ್ಲ, ಈಗ ಬದುಕಿಯೂ ಇಲ್ಲ. ನಮ್ಮ ತಮ್ಮ ಹುಡುಕಿಕೊಂಡು ಹೋಗಿ ಅವರ ಮಗನಿಗೆ ಹಣ ಕೊಟ್ಟು ಬಂದನು. ಆ ಮಗ ಮರುದಿನ ಎಳನೀರು ಹಿಡಿದುಕೊಂಡು ಉಪ್ಪನನ್ನು ನೋಡಲು ಬಂದರು. ಉಪ್ಪ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು. ಸಾಲ ತೀರುವವರೆಗೆ ಮೂಮಿನನ ಆತ್ಮ ಅದಕ್ಕೆ ತೂಗಿಕೊಂಡಿರುತ್ತದೆಂಬ ಹದೀಸನ್ನು ನಾವು ಎಷ್ಟೋ ಬಾರಿ ಓದಿದ್ದೆವು. ಅದರ ಅರ್ಥ ಆ ನಿದ್ದೆಯನ್ನು ನೋಡಿದಾಗ ತಿಳಿಯಿತು.

ಇನ್ನೂ ಒಂದು ಮಾತು ಉಳಿದಿದೆ. ಮೂರು ದಿನಕ್ಕಿಂತ ಹೆಚ್ಚು ಸಹೋದರನೊಂದಿಗೆ ಮಾತು ಬಿಡುವುದು ಧರ್ಮಸಮ್ಮತವಲ್ಲ ಎಂದು ಇದೇ ಮಿಂಬರ್‌ನಿಂದ ನಾವು ನಿಮಗೆ ಹೇಳಿದ್ದೇವೆ. ನಮ್ಮ ಮನೆಯಲ್ಲಿ ಜಾಗದ ವಿಷಯಕ್ಕೆ ಇಬ್ಬರು ಸಹೋದರರು ಆರು ವರ್ಷ ಮಾತು ಬಿಟ್ಟಿದ್ದರು. ಆ ಇಬ್ಬರಲ್ಲಿ ಒಬ್ಬರು ಈಗ ನಿಮ್ಮ ಮುಂದೆ ನಿಂತಿದ್ದಾರೆ. ಇನ್ನೊಬ್ಬರು, ನಮ್ಮ ಅಣ್ಣ, ರಜೆ ಹಾಕಿ ಗಲ್ಫ್‌ನಿಂದ ಬಂದಿದ್ದಾರೆ. ರಾತ್ರಿ ಅರ್ಧ ಅವರು, ಅರ್ಧ ನಾವು ಉಪ್ಪನ ಬಳಿ ಇರುತ್ತೇವೆ. ಮೊದಲು ಮಾತ್ರೆಯ ಸಮಯ ಹೇಳಲಷ್ಟೇ ಮಾತಾಡಿದೆವು. ಈಗ ಚಹಾ ಕುಡಿಯುವಾಗಲೂ ಮಾತಾಡುತ್ತೇವೆ. ಜಾಗದ ಪ್ರಶ್ನೆ ಇನ್ನೂ ಬಗೆಹರಿದಿಲ್ಲ, ಅದನ್ನು ಸಹೋದರಿಯರನ್ನೂ ಕೂರಿಸಿಕೊಂಡು ಶರೀಅತ್‌ನಂತೆ ಬಗೆಹರಿಸುತ್ತೇವೆಂದು ಉಪ್ಪನ ಮುಂದೆ ಮಾತು ಕೊಟ್ಟಿದ್ದೇವೆ. ನಿಮ್ಮನ್ನೂ ಇದಕ್ಕೆ ಸಾಕ್ಷಿಯಾಗಿಸುತ್ತಿದ್ದೇವೆ.

ತಂದೆ ಸ್ವರ್ಗದ ನಡುಬಾಗಿಲೆಂದು ಪ್ರವಾದಿ(ಸ) ಹೇಳಿದ್ದಾರೆ. ಅದನ್ನು ಕಾಪಾಡುವುದೂ ಕಳೆದುಕೊಳ್ಳುವುದೂ ಮಕ್ಕಳಿಗೆ ಬಿಟ್ಟದ್ದು. ಆದ್ದರಿಂದ ತಂದೆ ಬದುಕಿರುವವರು ಇಂದು ಮನೆಗೆ ಹೋಗಿ ಬಳಿಯಲ್ಲಿ ಕುಳಿತುಕೊಳ್ಳಿ. ಅವರು ಮಾಡಿದ ಉಪಕಾರವನ್ನು ಹೆಸರಿಸಿ ಹೇಳಿ, ತಪ್ಪಾಗಿದ್ದರೆ ಕ್ಷಮೆ ಕೇಳಿ. ಸಾಲ, ಅಮಾನತ್ತುಗಳನ್ನು ಕೇಳಿ ಬರೆದಿಡಿ. ಕೊನೆಯ ಗಳಿಗೆಯಲ್ಲಿ ಕಲಿಮಾವನ್ನು ಮೆಲ್ಲಗೆ ಹೇಳಿಕೊಡಿ, ಒತ್ತಾಯಿಸಬೇಡಿ. ತಂದೆ ತೀರಿಹೋದವರೂ ನಿರಾಶರಾಗಬೇಕಿಲ್ಲ. ಸಜ್ಜನ ಮಗುವಿನ ಪ್ರಾರ್ಥನೆ ಮರಣಾನಂತರವೂ ತಲಪುತ್ತದೆ. ತಂದೆಯ ಗೆಳೆಯರೊಂದಿಗೆ ಬಾಂಧವ್ಯ ಉಳಿಸಿಕೊಳ್ಳುವುದು ದೊಡ್ಡ ಪುಣ್ಯ. ಅಬ್ದುಲ್ಲಾಹ್ ಬಿನ್ ಉಮರ್(ರ) ಮಕ್ಕಾದ ದಾರಿಯಲ್ಲಿ ಸಿಕ್ಕಿದ ಒಬ್ಬ ಗ್ರಾಮೀಣ ಅರಬನಿಗೆ ತಮ್ಮ ಕತ್ತೆಯನ್ನೂ ತಲೆಯ ಪೇಟವನ್ನೂ ಕೊಟ್ಟುಬಿಟ್ಟರು, ಆತನ ತಂದೆ ಉಮರ್(ರ)ರ ಗೆಳೆಯರಾಗಿದ್ದರೆಂಬ ಒಂದೇ ಕಾರಣಕ್ಕೆ.

ಅಲ್ಲಾಹನೇ, ನಮ್ಮನ್ನು ಚಿಕ್ಕಂದಿನಲ್ಲಿ ಸಾಕಿದ ತಂದೆತಾಯಿಯರ ಮೇಲೆ ಕರುಣೆ ತೋರು. ಹಾಸಿಗೆ ಹಿಡಿದವರ ವೇದನೆಯನ್ನು ಹಗುರಗೊಳಿಸು, ಅದನ್ನು ಅವರ ಪಾಪಗಳಿಗೆ ಪ್ರಾಯಶ್ಚಿತ್ತವಾಗಿಸು. ಅವರ ಕೊನೆಯ ಮಾತನ್ನು ಕಲಿಮಾ ಆಗಿಸು. ನಮ್ಮ ಬೇಸರದ ಉಸಿರುಗಳನ್ನು ಮನ್ನಿಸು. ಮಾತು ಬಿಟ್ಟ ಸಹೋದರರ ಮನಸ್ಸುಗಳನ್ನು ಕೂಡಿಸು. ಆಮೀನ್.