ಮರುಹುಟ್ಟು ಪಡೆದ ಕೀಲಿ ಗಡಿಯಾರಗಳು



ನಿಮ್ಮ ಮನೆಯ ಬೀರುವಿನಲ್ಲೋ ಟ್ರಂಕಿನಲ್ಲೋ ಕೀಲಿ ಕೊಡುವ ಹಳೆಯ ಕೈಗಡಿಯಾರವೊಂದು ಇರಬಹುದು. ಅದನ್ನು ತಯಾರಿಸಿದ ಕಂಪನಿ ಎಂದೋ ಬಾಗಿಲು ಮುಚ್ಚಿರಬಹುದು. ಹಾಗೆ ಮುಚ್ಚಿಹೋದ ಕೆಲವು ಹೆಸರುಗಳು ಈಗ ಹೊಸ ಗಡಿಯಾರಗಳ ಮೇಲೆ, ಲಕ್ಷಾಂತರ ರೂಪಾಯಿ ಬೆಲೆಯೊಂದಿಗೆ ಮತ್ತೆ ಕಾಣಿಸಿಕೊಂಡಿವೆ. ಯುರೋಪಿನಲ್ಲಿ ನಾಲ್ಕು ದಶಕಗಳಿಂದ ಇದು ನಡೆಯುತ್ತಿದೆ. ಇಂಥ ಮರುಹುಟ್ಟಿನಲ್ಲಿ ನಿಜವಾಗಿ ಮರಳಿ ಬರುವುದು ಏನು? ಬರಿಯ ಹೆಸರೋ, ಹೆಸರಿನ ಹಿಂದಿದ್ದ ಕೆಲಸವೋ? ಈ ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಕೀಲಿ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. ನೀವು ಕೀಲಿ ಕೊಟ್ಟಾಗ ಒಳಗಿನ ಸ್ಪ್ರಿಂಗು ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುವಾಗಿನ ಬಲ ಹಲ್ಲಿನ ಚಕ್ರಗಳ ಮೂಲಕ ಮುಳ್ಳುಗಳನ್ನು ತಿರುಗಿಸುತ್ತದೆ. ಆ ಬಲ ಒಮ್ಮೆಲೇ ಸುರಿದುಹೋಗಬಾರದಲ್ಲವೇ? ಅದನ್ನು ತಡೆದು ತಡೆದು, ಅಳತೆಯಾಗಿ ಬಿಡುವುದಕ್ಕೆ ಅತ್ತಿತ್ತ ತೂಗುವ ಪುಟ್ಟ ಚಕ್ರವೊಂದಿದೆ. ಅದೇ ಬ್ಯಾಲೆನ್ಸ್ ವೀಲ್. ಅದಕ್ಕೆ ಕೂದಲೆಳೆಯಂಥ ಒಂದು ಸುರುಳಿ ಜೋಡಿಸಿರುತ್ತಾರೆ. ಹಳೆಯ ಗಡಿಯಾರಗಳಲ್ಲಿ ಈ ಚಕ್ರ ಸಾಮಾನ್ಯವಾಗಿ ಗಂಟೆಗೆ 18,000 ಬಾರಿ ಬಡಿಯುತ್ತದೆ, ಎಂದರೆ ಸೆಕೆಂಡಿಗೆ 5 ಬಾರಿ. ಗಡಿಯಾರವನ್ನು ಕಿವಿಗೆ ಹಿಡಿದಾಗ ಕೇಳುವ ಟಿಕ್ ಟಿಕ್ ಸದ್ದು ಇದರದೇ. ಚಳಿ, ಸೆಕೆ, ಒಣಗಿದ ಎಣ್ಣೆ, ಗಡಿಯಾರವನ್ನು ಮಲಗಿಸಿಟ್ಟ ಭಂಗಿ, ಎಲ್ಲವೂ ಈ ಬಡಿತವನ್ನು ಅಷ್ಟಿಷ್ಟು ಏರುಪೇರು ಮಾಡುತ್ತವೆ. ಆದುದರಿಂದ ಒಳ್ಳೆಯ ಗಡಿಯಾರವೂ ದಿನಕ್ಕೆ ಕೆಲವು ಸೆಕೆಂಡು ಹಿಂದುಮುಂದಾಗುತ್ತದೆ.

1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಕ್ವಾರ್ಟ್ಸ್ ಹರಳಿನ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಕ್ವಾರ್ಟ್ಸ್ ಹರಳಿಗೆ ವಿದ್ಯುತ್ ಹಾಯಿಸಿದರೆ ಅದು ಒಂದೇ ಸಮನೆ ಕಂಪಿಸುತ್ತದೆ. ಇಂದಿನ ಸಾಮಾನ್ಯ ಗಡಿಯಾರಗಳಲ್ಲಿ ಸೆಕೆಂಡಿಗೆ 32,768 ಕಂಪನಗಳು. ಈ ವಿಚಿತ್ರ ಸಂಖ್ಯೆ ಏಕೆ? ಅದನ್ನು 15 ಬಾರಿ ಅರ್ಧ ಮಾಡುತ್ತ ಹೋಗಿ, ಕೊನೆಗೆ ಸರಿಯಾಗಿ ಒಂದು ಉಳಿಯುತ್ತದೆ. ಅದೇ ಒಂದು ಸೆಕೆಂಡು. ಈ ಭಾಗಾಕಾರವನ್ನು ಪುಟ್ಟ ಎಲೆಕ್ಟ್ರಾನಿಕ್ ಮಂಡಲವೊಂದು ಮಾಡಿ ಮುಗಿಸುತ್ತದೆ. ನುರಿತ ಕೈಯ ಕೆಲಸ ಬೇಡವಾಯಿತು. ಬೆಲೆ ಇಳಿಯಿತು, ನಿಖರತೆ ಏರಿತು. 1970ರಲ್ಲಿ ಸ್ವಿಟ್ಜರ್‌ಲೆಂಡಿನ ಗಡಿಯಾರ ಉದ್ಯಮದಲ್ಲಿ ಸುಮಾರು 90,000 ಮಂದಿ ಕೆಲಸದಲ್ಲಿದ್ದರು. 1980ರ ದಶಕದ ನಡುಭಾಗಕ್ಕೆ ಅವರಲ್ಲಿ ಉಳಿದದ್ದು ಹೆಚ್ಚುಕಡಿಮೆ ಮೂರನೆಯ ಒಂದು ಪಾಲು.

ಮರುಹುಟ್ಟಿನ ಕಥೆ ಆರಂಭವಾಗುವುದು ಈ ಬಿಕ್ಕಟ್ಟಿನ ನಡುವೆಯೇ. ಬ್ಲಾಂಕ್‌ಪೇನ್ ಎಂಬ ಸ್ವಿಸ್ ಹೆಸರು 1735ರಷ್ಟು ಹಳೆಯದು. 1970ರ ದಶಕದಲ್ಲಿ ಅದು ಮೂಲೆಗುಂಪಾಗಿತ್ತು. 1983ರಲ್ಲಿ ಜಾನ್ ಕ್ಲೋಡ್ ಬಿವರ್ ಮತ್ತು ಜಾಕ್ ಪಿಗೆ ಎಂಬಿಬ್ಬರು ಆ ಹೆಸರನ್ನು ಸುಮಾರು 22,000 ಫ್ರಾಂಕುಗಳಿಗೆ ಕೊಂಡರು. 1735ರಿಂದ ಈ ಹೆಸರಿನ ಕ್ವಾರ್ಟ್ಸ್ ಗಡಿಯಾರ ಬಂದಿಲ್ಲ, ಇನ್ನು ಬರುವುದೂ ಇಲ್ಲ ಎಂದು ಜಾಹೀರಾತು ಕೊಟ್ಟರು. ಮಾತು ಸುಳ್ಳಲ್ಲ. ಕ್ವಾರ್ಟ್ಸ್ ಹಬ್ಬುವ ಹೊತ್ತಿಗೆ ಕಂಪನಿಯೇ ನಿದ್ದೆಯಲ್ಲಿತ್ತು! ಒಂಬತ್ತು ವರ್ಷಗಳ ಮೇಲೆ, 1992ರಲ್ಲಿ, ಕಂಪನಿ ಸುಮಾರು 6 ಕೋಟಿ ಫ್ರಾಂಕುಗಳಿಗೆ ಮಾರಾಟವಾಯಿತು. ಇದು ಕೇವಲ ಜಾಹೀರಾತಿನ ಚಮತ್ಕಾರ ಎನ್ನುವಂತಿಲ್ಲ. ಪಿಗೆ ಅವರ ಮನೆತನದ ಕಾರ್ಖಾನೆ ಆಗಲೂ ಗಡಿಯಾರದ ಒಳಗಿನ ಮಷೀನುಗಳನ್ನು ತಯಾರಿಸುತ್ತಿತ್ತು. ಹೆಸರು ಹೊರಗಿನಿಂದ ಬಂದಿತು, ಕೆಲಸ ಕೈಯಲ್ಲೇ ಇತ್ತು.

ಇದಕ್ಕಿಂತ ಆಳವಾದ ಕಥೆ ಜರ್ಮನಿಯ ಗ್ಲಾಸ್‌ಹ್ಯೂಟೆ ಎಂಬ ಚಿಕ್ಕ ಊರಿನದು. ಡ್ರೆಸ್ಡೆನ್ ನಗರದ ದಕ್ಷಿಣಕ್ಕೆ, ಅದಿರಿನ ಬೆಟ್ಟಗಳ ನಡುವೆ ಇರುವ ಈ ಊರು ಬೆಳ್ಳಿಯ ಗಣಿ ಬರಿದಾದ ಮೇಲೆ ಬಡತನಕ್ಕೆ ಬಿದ್ದಿತ್ತು. ಡ್ರೆಸ್ಡೆನ್ನಿನ ಫರ್ಡಿನಾಂಡ್ ಅಡಾಲ್ಫ್ ಲಾಂಗೆ ಎಂಬ ಗಡಿಯಾರ ತಯಾರಕ ಅಲ್ಲಿಗೆ ಉದ್ಯೋಗ ತರುವ ಯೋಜನೆಯೊಂದನ್ನು ಸ್ಯಾಕ್ಸನಿ ಸರಕಾರಕ್ಕೆ ಒಪ್ಪಿಸಿದ. ಸರಕಾರ 7,820 ತಾಲರ್ ಸಾಲ ಕೊಟ್ಟಿತು. 1845ರ ಡಿಸೆಂಬರ್ 7ರಂದು, ಊರಿನ ಸುತ್ತಮುತ್ತಲ 15 ಹುಡುಗರನ್ನು ಶಿಷ್ಯರಾಗಿ ಇಟ್ಟುಕೊಂಡು ಕೆಲಸ ಶುರುವಾಯಿತು. ಗಡಿಯಾರದ ಸುಳಿವೇ ಇಲ್ಲದ ಹುಡುಗರು ಅವರು. ಕಲಿತವರು ಮುಂದೆ ತಮ್ಮ ತಮ್ಮ ಕಸಬುಶಾಲೆಗಳನ್ನು ತೆರೆದರು. ಊರಿಗೆ ಊರೇ ಗಡಿಯಾರದ ಊರಾಯಿತು.

1945ರ ಮೇ 8, ಯುರೋಪಿನಲ್ಲಿ ಯುದ್ಧ ಮುಗಿದ ದಿನ, ಬಾಂಬು ಬಿದ್ದು ಲಾಂಗೆ ಕಾರ್ಖಾನೆಯ ಕಟ್ಟಡ ನಾಶವಾಯಿತು. ಸ್ಥಾಪಕನ ಮರಿಮಗ ವಾಲ್ಟರ್ ಲಾಂಗೆ ಅದೇ ತಾನೆ ಯುದ್ಧದಿಂದ ಗಾಯಗೊಂಡು ಮನೆಗೆ ಮರಳಿದ್ದರು. ಆಗ ಅವರಿಗೆ 20 ವರ್ಷ. ಕಟ್ಟಡವನ್ನು ಮತ್ತೆ ಎಬ್ಬಿಸುತ್ತಿರುವಾಗಲೇ, 1948ರಲ್ಲಿ, ಪೂರ್ವ ಜರ್ಮನಿಯ ಆಡಳಿತ ಕಂಪನಿಯನ್ನು ವಶಪಡಿಸಿಕೊಂಡಿತು. ಯುರೇನಿಯಂ ಗಣಿಯ ಕೆಲಸಕ್ಕೆ ಹೋಗಬೇಕಾದ ಸ್ಥಿತಿ ಬಂದಾಗ ವಾಲ್ಟರ್ ಪಶ್ಚಿಮಕ್ಕೆ ಓಡಿಹೋದರು. 1951ರಲ್ಲಿ ಊರಿನ ಗಡಿಯಾರ ಕಂಪನಿಗಳನ್ನು ಸೇರಿಸಿ ಒಂದೇ ಸರಕಾರಿ ಕಾರ್ಖಾನೆ ಮಾಡಲಾಯಿತು. ಡಯಲಿನ ಮೇಲಿನಿಂದ ಲಾಂಗೆ ಹೆಸರು ಅಳಿಸಿಹೋಯಿತು.

ಬರ್ಲಿನ್ ಗೋಡೆ ಬಿದ್ದದ್ದು 1989ರ ನವೆಂಬರಿನಲ್ಲಿ. ಮರುವರ್ಷ ಡಿಸೆಂಬರ್ 7ರಂದು, ಮುತ್ತಜ್ಜ ಕಂಪನಿ ತೆರೆದು ಸರಿಯಾಗಿ 145 ವರ್ಷ ತುಂಬಿದ ದಿನ, 66 ವರ್ಷದ ವಾಲ್ಟರ್ ಲಾಂಗೆ ಅದೇ ಊರಿನಲ್ಲಿ ಕಂಪನಿಯನ್ನು ಮತ್ತೆ ನೋಂದಾಯಿಸಿದರು. ಅವರ ಜೊತೆಗೆ ನಿಂತವರು ಗ್ಯುಂಟರ್ ಬ್ಲ್ಯುಮ್ಲೈನ್ ಎಂಬ ಎಂಜಿನಿಯರ್. ಹೊಸ ಕೆಲಸಗಾರರನ್ನು ತರಬೇತಿಗಾಗಿ ಸ್ವಿಟ್ಜರ್‌ಲೆಂಡಿಗೆ ಕಳಿಸಲಾಯಿತು. ನಾಲ್ಕು ವರ್ಷಗಳ ತಯಾರಿಯ ಬಳಿಕ, 1994ರ ಅಕ್ಟೋಬರ್ 24ರಂದು, ಡ್ರೆಸ್ಡೆನ್ನಿನ ಅರಮನೆಯಲ್ಲಿ ನಾಲ್ಕು ಮಾದರಿಯ ಗಡಿಯಾರಗಳನ್ನು ಲೋಕಕ್ಕೆ ತೋರಿಸಿದರು. ಅವುಗಳಲ್ಲೊಂದರ ದೊಡ್ಡಕ್ಷರದ ತಾರೀಖಿಗೆ ಸ್ಫೂರ್ತಿ ಡ್ರೆಸ್ಡೆನ್ ಒಪೆರಾ ಮಂದಿರದ ಹಳೆಯ ಗಡಿಯಾರ. ಅದನ್ನು ಮಾಡಿದಾತ ಮೊದಲ ಲಾಂಗೆಯ ಗುರು, ಗುಟ್‌ಕೇಸ್.

ಈ ಕಂಪನಿಯಲ್ಲಿ ಪ್ರತಿ ಮಷೀನನ್ನೂ ಎರಡು ಸಲ ಜೋಡಿಸುತ್ತಾರೆ. ಒಮ್ಮೆ ಜೋಡಿಸಿ, ನಡೆಸಿ ನೋಡಿ, ಪೂರ್ತಿ ಬಿಚ್ಚಿ, ಶುಚಿಮಾಡಿ, ಮೆರುಗು ಕೊಟ್ಟು, ಮತ್ತೆ ಜೋಡಿಸುವುದು. ಬ್ಯಾಲೆನ್ಸ್ ವೀಲನ್ನು ಹಿಡಿದಿಡುವ ಪುಟ್ಟ ಪಟ್ಟಿಯ ಮೇಲೆ ಕೈಯಿಂದಲೇ ಹೂಬಳ್ಳಿ ಕೆತ್ತುತ್ತಾರೆ. ಕೆತ್ತಿದವರು ಯಾರೆಂದು ಬಲ್ಲವರು ಗೆರೆ ನೋಡಿಯೇ ಹೇಳಬಲ್ಲರು.

ಈಗ ಒಂದು ಲೆಕ್ಕ ಮಾಡಿ. 1948ರಿಂದ 1990ಕ್ಕೆ 42 ವರ್ಷ. 1948ರಲ್ಲಿ 20 ವರ್ಷದವನಾಗಿದ್ದ ಕೆಲಸಗಾರನಿಗೆ 1990ರಲ್ಲಿ 62. ಈ ನಡುವೆ ಊರಿನಲ್ಲಿ ಗಡಿಯಾರದ ಕೆಲಸವೇ ನಿಂತಿದ್ದರೆ ಕಲಿಸುವವರೂ ಇರುತ್ತಿರಲಿಲ್ಲ, ಕಲಿಯುವವರೂ ಇರುತ್ತಿರಲಿಲ್ಲ. ಆದರೆ ನಿಲ್ಲಲಿಲ್ಲ. ಲಾಂಗೆ ಹೆಸರನ್ನು ಅಳಿಸಿದ ಅದೇ ಸರಕಾರಿ ಕಾರ್ಖಾನೆ ಹೊಸ ಹುಡುಗ ಹುಡುಗಿಯರಿಗೆ ಕಸಬು ಕಲಿಸುತ್ತಲೇ ಇತ್ತು. ಮರುಹುಟ್ಟಿಗೆ ಬೇಕಾದ ಕೈಗಳನ್ನು ಕಾಪಾಡಿದ್ದು ಅದೇ. ಹೆಸರು ಕಾಗದದ ಮೇಲೆ ನೂರು ವರ್ಷ ಮಲಗಿದ್ದರೂ ಕೆಡುವುದಿಲ್ಲ. ಕೈಕಸಬು ಒಂದು ತಲೆಮಾರು ಮಲಗಿತೆಂದರೆ ಮತ್ತೆ ಏಳುವುದು ಕಷ್ಟ. ಜರ್ಮನಿಗೆ ಇದರ ಬೆಲೆ ಗೊತ್ತು. ಡಯಲಿನ ಮೇಲೆ ಗ್ಲಾಸ್‌ಹ್ಯೂಟೆ ಎಂದು ಬರೆಯಬೇಕಾದರೆ ತಯಾರಿಕೆಯ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಊರಿನಲ್ಲೇ ಆಗಿರಬೇಕೆಂದು ಅಲ್ಲಿ 2022ರಲ್ಲಿ ನಿಯಮವೇ ಬಂದಿದೆ. ನಮ್ಮ ಚನ್ನಪಟ್ಟಣದ ಬೊಂಬೆಗಿರುವ ಭೌಗೋಳಿಕ ರಕ್ಷಣೆಯನ್ನು ಇದು ನೆನಪಿಸುತ್ತದೆ.

ನಮ್ಮ ದೇಶಕ್ಕೂ ಈ ಕಥೆಗೂ ನಂಟಿದೆ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಕಟ್ಟಿಕೊಳ್ಳುತ್ತಿದ್ದ ಫಾವ್ರ್ ಲೂಬಾ 1737ರ ಸ್ವಿಸ್ ಹೆಸರು. 2011ರಲ್ಲಿ ಅದನ್ನು ಕೊಂಡದ್ದು ಟೈಟನ್ ಕಂಪನಿ. 2016ರಲ್ಲಿ ಹೊಸ ಗಡಿಯಾರಗಳು ಬಂದವು, ಆದರೆ ನೆಲೆಯೂರಲಿಲ್ಲ. 2023ರಲ್ಲಿ ಹೆಸರು ಮತ್ತೆ ಕೈ ಬದಲಾಯಿಸಿತು, 2024ರಲ್ಲಿ ಮತ್ತೊಮ್ಮೆ ಹೊಸ ಗಡಿಯಾರಗಳು ಬಂದವು.

ಬೆಂಗಳೂರಿನ ಎಚ್.ಎಂ.ಟಿ.ಯ ಸಂಗತಿ ಇದಕ್ಕೆ ತಿರುವುಮುರುವು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಇಲ್ಲಿ ಗಡಿಯಾರ ತಯಾರಿಕೆ ಆರಂಭವಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂದಿತು. ಜನತಾ, ಪೈಲಟ್, ಕಾಂಚನ್ ಎಂಬ ಹೆಸರುಗಳು ಮನೆಮಾತಾದವು. ಸರಕಾರ 2016ರಲ್ಲಿ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ಆಮೇಲೂ ಎಚ್.ಎಂ.ಟಿ. ಹೆಸರಿನ ಗಡಿಯಾರಗಳು ಮಾರಾಟಕ್ಕೆ ಬಂದಿವೆ, ಕೊಳ್ಳುವವರೂ ಇದ್ದಾರೆ. ಇಲ್ಲಿ ಹೆಸರಿಗೆ ಕೊರತೆಯಿಲ್ಲ. ಆದರೆ ಅಂದು ಐವತ್ತಾಗಿದ್ದ ಕುಶಲಕರ್ಮಿಗೆ ಈಗ ಅರವತ್ತರ ಆಸುಪಾಸು. ಗ್ಲಾಸ್‌ಹ್ಯೂಟೆಯಲ್ಲಿ ಕಸಬು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಲೇ ಇತ್ತು. ಇಲ್ಲಿ ಅದನ್ನು ದಾಟಿಸಬಲ್ಲವರ ವಯಸ್ಸು ನಮಗಾಗಿ ಕಾಯುವುದಿಲ್ಲ.

ಮರುಹುಟ್ಟು ಪಡೆದ ಗಡಿಯಾರವನ್ನು ಕೊಳ್ಳುವ ಮನಸ್ಸು ನಿಮಗಿದ್ದರೆ ಡಯಲಿನ ಮೇಲಿನ ಇಸವಿಗೆ ಮರುಳಾಗಬೇಡಿ. ಒಳಗಿನ ಮಷೀನು ಯಾರದು ಎಂದು ಕೇಳಿ. ಬೇರೆ ಕಾರ್ಖಾನೆಯ ಮಷೀನು ಕೊಂಡು ಹಾಕುವುದು ತಪ್ಪೇನಲ್ಲ, ಹಿಂದೆಯೂ ಹೆಸರಾಂತ ಕಂಪನಿಗಳು ಹಾಗೆ ಮಾಡಿವೆ. ಆದರೆ ಅದನ್ನು ಮುಚ್ಚಿಡದೆ ಹೇಳಬೇಕು, ಬೆಲೆಯೂ ಅದಕ್ಕೆ ತಕ್ಕಂತಿರಬೇಕು. ಹತ್ತು ವರ್ಷದ ಮೇಲೆ ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂದೂ ಕೇಳಿ. ಹಳೆಯ ಗಡಿಯಾರವೆಂದು ಮಾರುವಲ್ಲಿ ಡಯಲ್ ಮಾತ್ರ ಹೊಸ ಬಣ್ಣದಲ್ಲಿ ಮಿರುಗುತ್ತಿದ್ದರೆ ಎಚ್ಚರದಿಂದಿರಿ.

ಹೊಸದನ್ನು ಕೊಳ್ಳದಿದ್ದರೂ ಚಿಂತೆಯಿಲ್ಲ. ಮನೆಯಲ್ಲಿರುವ ಹಳೆಯ ಗಡಿಯಾರವನ್ನು ನಿಮ್ಮ ಊರಿನ ರಿಪೇರಿಯವರಲ್ಲಿಗೆ ಒಯ್ಯಿರಿ. ಮಸೂರವನ್ನು ಕಣ್ಣಿಗೆ ಸಿಕ್ಕಿಸಿ ಕೂತಿರುವ ಆ ಹಿರಿಯರಿಗೆ ಕೆಲಸ ಕೊಡಿ, ಕೊಟ್ಟ ಕೆಲಸಕ್ಕೆ ತಕ್ಕ ಮಜೂರಿ ಕೊಡಿ. ಅವರ ಪಕ್ಕದಲ್ಲಿ ಕಲಿಯುವ ಹುಡುಗನೊಬ್ಬ ಕೂತಿದ್ದರೆ, ಗಡಿಯಾರದ ಮರುಹುಟ್ಟು ಅಲ್ಲೇ ನಡೆಯುತ್ತಿದೆ ಎಂದು ತಿಳಿಯಿರಿ.