ಸಲಿಕೆ ಮತ್ತು ಹಡಗು



ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನ ಜನ ಉಣ್ಣುತ್ತಿದ್ದ ಆಹಾರದ ಬಹುಪಾಲು ಹಡಗಿನಲ್ಲಿ ಬರುತ್ತಿತ್ತು. ಆ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಮುಳುಗಿಸತೊಡಗಿದವು. ಆಗ ಊರೂರಿನ ಗೋಡೆಗಳ ಮೇಲೆ ಸರ್ಕಾರದ ಭಿತ್ತಿಪತ್ರಗಳು ಬಂದವು. ಅವುಗಳಲ್ಲಿ ಏಬ್ರಮ್ ಗೇಮ್ಸ್ ಎಂಬ ಕಲಾವಿದರು ಮಾಡಿದ್ದೊಂದು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ಅದರಲ್ಲಿ ಅವರು ಸಲಿಕೆಯನ್ನೂ ಹಡಗನ್ನೂ ಒಂದಕ್ಕೊಂದು ಬೆಸೆದಿದ್ದಾರೆ. ಹಡಗು ಬೇಡ, ಸಲಿಕೆ ಹಿಡಿಯಿರಿ, ನಿಮ್ಮ ಆಹಾರ ನೀವೇ ಬೆಳೆಯಿರಿ ಎಂಬುದು ಅದರ ಕರೆ. ಹಿತ್ತಲಲ್ಲಿ ಒಂದು ಬುಟ್ಟಿ ಆಲೂಗೆಡ್ಡೆ ಬೆಳೆದರೆ ಹಡಗಿನಲ್ಲಿ ಒಂದು ಬುಟ್ಟಿಯ ಜಾಗ ಉಳಿಯಿತು. ಇದು ಅಕ್ಷರ ಬಾರದವರಿಗೂ ಹೊಳೆಯುವಂತಿತ್ತು. ಲಂಡನ್ ಗೋಪುರದ ಕಂದಕದಲ್ಲೂ ಜನ ತರಕಾರಿ ಬೆಳೆದರು.

ಅಮೆರಿಕದ ಕಷ್ಟ ಬೇರೆ. 1942ರಲ್ಲಿ ಜಪಾನ್ ಮಲಯಾವನ್ನು ಹಿಡಿದ ಮೇಲೆ ರಬ್ಬರಿಗೆ ಬರ ಬಂತು. ಟೈರು ಸವೆಯಬಾರದೆಂದು ಪೆಟ್ರೋಲನ್ನು ಅಳೆದು ಕೊಡತೊಡಗಿದರು, ಗಂಟೆಗೆ 35 ಮೈಲಿಗಿಂತ ವೇಗ ಕೂಡದೆಂದರು. 1943ರ ಒಂದು ಭಿತ್ತಿಪತ್ರದಲ್ಲಿ ಒಬ್ಬಾತ ಒಂಟಿಯಾಗಿ ಕಾರು ಓಡಿಸುತ್ತಿದ್ದಾನೆ. ಪಕ್ಕದ ಸೀಟಿನಲ್ಲಿ ಬರೀ ಬಿಳಿಗೆರೆಯಲ್ಲಿ ಹಿಟ್ಲರ್ ಕೂತಿದ್ದಾನೆ! ಒಬ್ಬನೇ ಹೋದರೆ ಅವನ ಜೊತೆಯೇ ಹೋದಂತೆ, ನೆರೆಯವರನ್ನು ಹತ್ತಿಸಿಕೊಳ್ಳಿ ಎಂದರ್ಥ.

ಚಿತ್ರ ನೋಡಿದ ಮಾತ್ರಕ್ಕೆ ಜನ ಬದಲಾದರು ಎಂದರೆ ತಪ್ಪಾದೀತು. ಬ್ರಿಟನ್ನಿನಲ್ಲಿ 1941ರ ಜೂನ್‌ನಿಂದ ಬಟ್ಟೆಗೂ ಕೂಪನ್ ಬಂತು, ಮೊದಲ ವರ್ಷ ತಲೆಗೆ 66. ಕಾಸಿದ್ದವರೂ ಕೂಪನ್ ಕೊಟ್ಟೇ ಕೋಟು ಕೊಳ್ಳಬೇಕಿತ್ತು. ಹೊರೆ ಎಲ್ಲರ ಹೆಗಲ ಮೇಲೂ ಇದ್ದುದರಿಂದ ಗೋಡೆಯ ಮಾತಿಗೆ ಬೆಲೆ ಬಂತು. ಆದರೆ ಆ ನ್ಯಾಯ ಅವರ ದ್ವೀಪದಾಚೆ ಬರಲಿಲ್ಲ. 1943ರಲ್ಲಿ ಅವರದೇ ಆಳ್ವಿಕೆಯ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿದು ಸತ್ತರು.

ಇಂದು ನಮ್ಮ ಗೋಡೆಗಳ ಮೇಲೆ 'ಪರಿಸರ ಉಳಿಸಿ', 'ನೀರು ಅಮೂಲ್ಯ' ಎಂಬ ಬರಹಗಳಿವೆ. ಯಾರು, ಏನನ್ನು, ಎಷ್ಟು ಉಳಿಸಬೇಕು? ಉಳಿದದ್ದು ಎಲ್ಲಿಗೆ ಹೋಗುತ್ತದೆ? ಅದನ್ನು ಆ ಬರಹ ಹೇಳುವುದಿಲ್ಲ, ಹಾಗಾಗಿ ಕಣ್ಣು ಅದನ್ನು ದಾಟಿ ಹೋಗುತ್ತದೆ.

ಬೆಂಗಳೂರಿನ ಕೇಳುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪಿನಲ್ಲಿ ಏರಿ ಬರುತ್ತದೆ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ನಲ್ಲಿಯ ಮೇಲೆ ಅಂಟಿಸಿ. ಮನೆಯಲ್ಲಿ ಮಕ್ಕಳಿದ್ದರೆ ಅದಕ್ಕೊಂದು ಚಿತ್ರ ಅವರ ಕೈಯಲ್ಲೇ ಬರೆಸಿ.